ಡಿಸ್ನಿ ವರ್ಲ್ಡ್‌ಗೆ ಮೊದಲ ಆರ್‌ವಿ ಪ್ರವಾಸ: ಊಟತಿಂಡಿಯ ತಯಾರಿ ಹೇಗೆ?

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗುವಾಗ ಹೋಟೆಲಿನ ಕೋಣೆಯನ್ನು ಬಿಟ್ಟು ಆರ್‌ವಿಯನ್ನು (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಯಂತಹ ವಾಹನವನ್ನು) ಬಾಡಿಗೆಗೆ ಹಿಡಿಯುವ ಯೋಚನೆ ಮಾಡಿದರೆ, ಅದರಲ್ಲಿರುವ ಅಡುಗೆಮನೆಯ ಆಕರ್ಷಣೆ ಸಣ್ಣದೇನಲ್ಲ. ಊರಿನಿಂದ ಬಂದಿರುವ ಅಪ್ಪ ಅಮ್ಮ ಜೊತೆಗಿದ್ದು, ಅವರಿಗೆ ರಾತ್ರಿ ಒಂದು ತುತ್ತು ಸಾರನ್ನ ಬೇಕೇ ಬೇಕು ಎಂದಾದರೆ ಮಾತೇ ಬೇಡ. ಆದರೆ ಮೊದಲ ಸಲ ಹೊರಡುವವರು ಸಾಮಾನ್ಯವಾಗಿ ಯಾವ ದಿನ ಏನು ಅಡುಗೆ ಎಂಬ ಪಟ್ಟಿಯಿಂದ ಯೋಜನೆ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆರಂಭಿಸಬೇಕಾದದ್ದು ಗಡಿಯಾರದಿಂದ: ಯಾವ ದಿನ ಎಷ್ಟು ಹೊತ್ತು ವಾಹನದಿಂದ ದೂರ ಇರುತ್ತೀರಿ, ಎಷ್ಟು ಗಂಟೆಗೆ ಎಷ್ಟು ದಣಿದು ಹಿಂತಿರುಗುತ್ತೀರಿ ಎಂಬುದು ತೀರ್ಮಾನವಾದರೆ ಅಡುಗೆಯ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಡಿಸ್ನಿಯ ಆವರಣದೊಳಗೆ ಆರ್‌ವಿ ನಿಲ್ಲಿಸಲು ಇರುವ ಜಾಗ ಫೋರ್ಟ್ ವೈಲ್ಡರ್ನೆಸ್ ಕ್ಯಾಂಪ್‌ಗ್ರೌಂಡ್. 1971ರ ಅಕ್ಟೋಬರ್‌ನಲ್ಲಿ ಡಿಸ್ನಿ ವರ್ಲ್ಡ್‌ನ ಮೊದಲ ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್ ತೆರೆದ ಮರುತಿಂಗಳೇ ಇದೂ ತೆರೆಯಿತು. ಪ್ರತಿ ತಾಣದಲ್ಲೂ ನೀರು ಮತ್ತು ವಿದ್ಯುತ್ ಸಂಪರ್ಕ, ಹೊರಗೆ ಕುಳಿತು ಉಣ್ಣಲು ಒಂದು ಮರದ ಮೇಜು ಮತ್ತು ಇದ್ದಿಲಿನ ಗ್ರಿಲ್ ಇರುತ್ತವೆ. ಕೊಳೆನೀರು ಹರಿದುಹೋಗುವ ಸಂಪರ್ಕ ಮಾತ್ರ ಎಲ್ಲ ತಾಣಗಳಲ್ಲೂ ಇಲ್ಲ. ಮುಖ್ಯವಾಗಿ ಡೇರೆಗಳಿಗೆಂದಿರುವ ಅಗ್ಗದ ತಾಣಗಳಲ್ಲಿ ಅದು ಸಿಗುವುದಿಲ್ಲವಾದ್ದರಿಂದ ಕಾಯ್ದಿರಿಸುವಾಗ ‘ಫುಲ್ ಹುಕ್‌ಅಪ್’ (ನೀರು, ವಿದ್ಯುತ್, ಕೊಳೆನೀರು ಮೂರರ ಸಂಪರ್ಕವೂ ಇರುವ ತಾಣ) ಅಥವಾ ಅದಕ್ಕಿಂತ ಮೇಲಿನ ದರ್ಜೆಯನ್ನೇ ಆರಿಸಿಕೊಳ್ಳಿ. ದಿನಕ್ಕೆರಡು ಸಲ ಪಾತ್ರೆ ತೊಳೆಯುವ ನಮ್ಮಂಥ ಮನೆಗಳಲ್ಲಿ ಕೊಳೆನೀರಿನ ತೊಟ್ಟಿ ತುಂಬಲು ಹೆಚ್ಚು ಹೊತ್ತು ಬೇಕಿಲ್ಲ. ಸಂಪರ್ಕವಿದ್ದರೂ ಎಣ್ಣೆಯ ಜಿಡ್ಡನ್ನು, ಹುಳಿಯ ಗಸಿಯನ್ನು ಸಿಂಕಿಗೆ ಸುರಿಯದೆ ಪೇಪರ್ ಟವೆಲ್‌ನಿಂದ ಒರೆಸಿ ಕಸಕ್ಕೆ ಹಾಕಿದ ಮೇಲೆಯೇ ಪಾತ್ರೆ ತೊಳೆಯಬೇಕು. ಆರ್‌ವಿಯ ಕೊಳವೆಗಳು ಮನೆಯ ಕೊಳವೆಗಳಿಗಿಂತ ಸಣ್ಣವು.

ಇನ್ನೊಂದು ಸಂಗತಿ ಮೊದಲೇ ತಿಳಿದಿರಬೇಕು. ನೀರು, ವಿದ್ಯುತ್ತು, ಚರಂಡಿ ಎಲ್ಲವನ್ನೂ ಜೋಡಿಸಿದ ಮೇಲೆ ಆ ವಾಹನವನ್ನು ಕೊತ್ತಂಬರಿ ಸೊಪ್ಪು ತರುವುದಕ್ಕೆಂದು ಬಿಚ್ಚಿಕೊಂಡು ಹೋಗಲು ಯಾರಿಗೂ ಮನಸ್ಸಾಗದು. ಕ್ಯಾಂಪ್‌ಗ್ರೌಂಡಿನೊಳಗೆ ಸೆಟಲ್‌ಮೆಂಟ್ ಟ್ರೇಡಿಂಗ್ ಪೋಸ್ಟ್, ಮೆಡೋ ಟ್ರೇಡಿಂಗ್ ಪೋಸ್ಟ್ ಎಂಬ ಎರಡು ಅಂಗಡಿಗಳಿವೆ. ಹಾಲು, ಬ್ರೆಡ್ಡಿನಂತಹ ತುರ್ತಿಗೆ ಅವು ಸಾಕು, ಆದರೆ ಅಲ್ಲಿ ಹುಣಸೆಹಣ್ಣು ಸಿಗುತ್ತದೆಂದು ನಂಬಿ ಹೋಗಬೇಡಿ. ಜೊತೆಗೆ ಬೇರೆ ಕಾರು ಇಲ್ಲದಿದ್ದರೆ ದಿನಸಿಯನ್ನು ಮನೆಯಿಂದಲೇ ತುಂಬಿಕೊಳ್ಳಿ. ಹಾಲು, ಮೊಸರು, ತರಕಾರಿಗಳನ್ನು ಒರ್ಲ್ಯಾಂಡೊ ತಲುಪುವ ಮುನ್ನ ಪಬ್ಲಿಕ್ಸ್ ಅಥವಾ ವಾಲ್‌ಮಾರ್ಟ್‌ನಂತಹ ದೊಡ್ಡ ನಿಲುಗಡೆಯಿರುವ ಅಂಗಡಿಯಲ್ಲಿ ಕೊಂಡುಕೊಳ್ಳಿ.

ಹೊರಡುವ ಮುನ್ನಾದಿನ

ತಂಗಳಪೆಟ್ಟಿಗೆಯೇ ಮೊದಲ ಕೆಲಸ. ಹಲವು ಆರ್‌ವಿಗಳಲ್ಲಿರುವ ಫ್ರಿಜ್ ಮನೆಯ ಫ್ರಿಜ್‌ನಂತೆ ಕಂಪ್ರೆಸರ್‌ನಿಂದ ನಡೆಯುವುದಿಲ್ಲ. ಅದು ಗ್ಯಾಸಿನ ಅಥವಾ ವಿದ್ಯುತ್ತಿನ ಶಾಖವನ್ನು ಬಳಸಿ ನಿಧಾನವಾಗಿ ತಂಪಾಗುವ ಬಗೆಯದು. ಇಂತಹ ಫ್ರಿಜ್ ಪೂರ್ತಿ ತಣ್ಣಗಾಗಲು ಹಲವು ಗಂಟೆಗಳು ಬೇಕು, ವಾಹನ ಸಮತಟ್ಟಾಗಿ ನಿಂತಿರಬೇಕು, ಮತ್ತು ಬಾಗಿಲನ್ನು ಪದೇ ಪದೇ ತೆರೆದರೆ ಕಳೆದ ತಂಪು ಬೇಗ ಮರಳುವುದಿಲ್ಲ. ಆದ್ದರಿಂದ ಬಾಡಿಗೆಗೆ ಕೊಡುವವರಿಗೆ ಹಿಂದಿನ ಸಂಜೆಯೇ ಅದನ್ನು ಚಾಲೂ ಮಾಡಿಡಲು ಹೇಳಿ, ಮನೆಯಲ್ಲಿ ಈಗಾಗಲೇ ತಣ್ಣಗಾಗಿರುವ ಸಾಮಾನುಗಳನ್ನಷ್ಟೇ ಒಳಗಿಡಿ. ಹತ್ತು ಡಾಲರಿನೊಳಗೆ ಸಿಗುವ ಒಂದು ಸಣ್ಣ ಥರ್ಮಾಮೀಟರ್ ಒಳಗಿರಲಿ. ಅದು 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಬಾರದು.

ಫ್ರೀಜರ್ ಚಿಕ್ಕದಾಗಿರುವುದರಿಂದ ಅದರಲ್ಲಿ ಜಾಗಕ್ಕೆ ತಕ್ಕ ಬೆಲೆಯುಳ್ಳದ್ದನ್ನೇ ಇಡಬೇಕು. ಬೇಯಿಸಿ ಮಸಾಲೆ ಬೆರೆಸಿದ ಗಟ್ಟಿ ಹುಳಿಯನ್ನು ಒಂದು ಹೊತ್ತಿಗೆ ಒಂದರಂತೆ ಜಿಪ್ ಚೀಲಗಳಲ್ಲಿ ತುಂಬಿ, ಚಪ್ಪಟೆಯಾಗಿ ಮಲಗಿಸಿ ಹೆಪ್ಪುಗಟ್ಟಿಸಿದರೆ ಮೂರು ರಾತ್ರಿಗಳ ಹುಳಿ ಒಂದು ಪುಸ್ತಕದಷ್ಟು ಜಾಗದಲ್ಲಿ ಕೂರುತ್ತದೆ. ಹೆಪ್ಪುಗಟ್ಟಿದ ಪರೋಟದ ಒಂದು ಪೊಟ್ಟಣ ಮತ್ತು ತೆಂಗಿನತುರಿಯ ಒಂದು ಚೀಲ ಇದ್ದರೆ ಫ್ರೀಜರ್ ತುಂಬಿತು. ರವೆಯನ್ನು ಮನೆಯಲ್ಲೇ ಹುರಿದುಕೊಳ್ಳಿ. ಪುಳಿಯೋಗರೆ ಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸಿ ಡಬ್ಬಿಗೆ ಹಾಕಿ. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು ಹಾಕಿದ ಒಗ್ಗರಣೆಯನ್ನೂ ಮನೆಯಲ್ಲೇ ಮಾಡಿ ಒಂದು ಚಿಕ್ಕ ಡಬ್ಬಿಯಲ್ಲಿಟ್ಟುಕೊಂಡು, ಅದನ್ನೂ ಫ್ರಿಜ್‌ನಲ್ಲೇ ಇಡುವುದು ಜಾಣತನ, ಏಕೆಂದರೆ ಆರ್‌ವಿಯೊಳಗೆ ಮೆಣಸಿನಕಾಯಿ ಸುಟ್ಟ ಘಾಟು ಹೊಗೆಯ ಅಲಾರಂ ಬಡಿಸುವುದಷ್ಟೇ ಅಲ್ಲದೆ ರಾತ್ರಿ ಮಲಗುವ ಹಾಸಿಗೆಯಲ್ಲೂ ಉಳಿಯುತ್ತದೆ.

ನಾಲ್ಕು ಜನರ ಐದು ರಾತ್ರಿಗಳಿಗೆ ಒಂದೂವರೆ ಕಿಲೋ ಅಕ್ಕಿ, ಹುಳಿ ಮುಗಿದ ದಿನಗಳ ಸಾರಿಗೆ ಅರ್ಧ ಕಿಲೋ ತೊಗರಿಬೇಳೆ, ಎರಡು ಬೆಳಗಿನ ತಿಂಡಿಗೆ ಅರ್ಧ ಕಿಲೋ ಗಟ್ಟಿ ಅವಲಕ್ಕಿ, ಇನ್ನೆರಡಕ್ಕೆ ಅರ್ಧ ಕಿಲೋ ರವೆ ಸಾಕು. ಹೆಚ್ಚು ತಂದರೆ ಅದನ್ನು ಹಿಂದಕ್ಕೂ ಹೊರಬೇಕು. ದೋಸೆಹಿಟ್ಟಿನ ಆಸೆಯಿದ್ದರೆ ಡಬ್ಬಿಯ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಕುಲುಕುವ ಬಂಡಿಯಲ್ಲಿ, ಫ್ಲಾರಿಡಾದ ಸೆಕೆಯಲ್ಲಿ ಹಿಟ್ಟು ಉಕ್ಕಿ ಬಾಗಿಲ ಸಂದಿಯಿಂದ ಇಳಿದರೆ ರಜೆಯ ಮೊದಲ ಸಂಜೆ ಶುಚಿಗೊಳಿಸುವುದರಲ್ಲೇ ಕಳೆಯುತ್ತದೆ. ಗಾಜಿನ ಸೀಸೆಗಳನ್ನು ಮನೆಯಲ್ಲೇ ಬಿಡಿ. ಭಾರವಾದ ಪಾತ್ರೆಗಳು ಕೆಳಗಿನ ಕಪಾಟಿನಲ್ಲಿರಲಿ.

ಮೂವತ್ತು ಆಂಪ್ ಎಂದರೆ ಎಷ್ಟು?

ಈ ಲೆಕ್ಕ ಅಡುಗೆ ಮಾಡುವವರಿಗೇ ಹೆಚ್ಚು ಬೇಕು. ಸಾಮಾನ್ಯ ಗಾತ್ರದ ಬಾಡಿಗೆಯ ಆರ್‌ವಿಗಳು ಹೆಚ್ಚಾಗಿ 30 ಆಂಪ್ ಸಂಪರ್ಕದವು. 120 ವೋಲ್ಟ್‌ನಲ್ಲಿ ಅದು 3600 ವ್ಯಾಟ್‌ಗೆ ನಿಲ್ಲುತ್ತದೆ. ಮೇಲ್ಛಾವಣಿಯ ಎ.ಸಿ. ಸುಮಾರು 1500 ವ್ಯಾಟ್, ವಿದ್ಯುತ್ತಿನಿಂದ ನೀರು ಕಾಯಿಸುವ ಹೀಟರ್ ಸುಮಾರು 1400, ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ 1000. ಮೂರೂ ಒಟ್ಟಿಗೆ ಓಡಿದರೆ ಮಿತಿ ದಾಟಿ ಬ್ರೇಕರ್ ಬೀಳುತ್ತದೆ, ಅದೂ ಮಕ್ಕಳು ಹಸಿದು, ಸ್ನಾನಕ್ಕೆ ಒಬ್ಬರು ಹೋಗಿರುವ ಹೊತ್ತಿನಲ್ಲಿ. ಹೀಟರನ್ನು ಗ್ಯಾಸಿಗೆ ಬದಲಿಸಿಕೊಳ್ಳುವ ಸೌಲಭ್ಯವಿದ್ದರೆ ಬದಲಿಸಿ. ಇಲ್ಲವಾದರೆ ಅನ್ನ ಆಗುವವರೆಗೆ ಅದನ್ನು ಆರಿಸಿಡಿ. ಮೈಕ್ರೋವೇವ್ ಮತ್ತು ಕುಕ್ಕರ್ ಒಂದಾದ ಮೇಲೆ ಒಂದು. 50 ಆಂಪ್‌ನ ದೊಡ್ಡ ವಾಹನದವರಿಗೆ ಈ ತಲೆನೋವಿಲ್ಲ.

ಒಲೆ ಗ್ಯಾಸಿನದಾಗಿದ್ದು, ಸಾಮಾನ್ಯವಾಗಿ ಎರಡು ಅಥವಾ ಮೂರು ಉರಿಗಳಿರುತ್ತವೆ. ಉರಿ ಹಚ್ಚುವ ಮೊದಲು ಕಿಟಕಿ ತೆರೆದು ಮೇಲಿನ ಫ್ಯಾನ್ ಹಾಕಬೇಕು; ಮುಚ್ಚಿದ ಚಿಕ್ಕ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳುವ ಅಪಾಯವಿದೆ, ಚಳಿಯೆಂದು ಅದೇ ಒಲೆಯಿಂದ ವಾಹನವನ್ನು ಬೆಚ್ಚಗೆ ಮಾಡಲು ಹೋಗುವುದಂತೂ ಸಲ್ಲದು. ಪ್ಲಗ್‌ಗೆ ಹಾಕುವ ಒಂದು ಇಂಡಕ್ಷನ್ ಒಲೆಯನ್ನು ಹೊರಗಿನ ಮೇಜಿನ ಮೇಲಿಟ್ಟುಕೊಂಡರೆ ಘಾಟಿನ ಅಡುಗೆಯೆಲ್ಲ ಹೊರಗೇ ಮುಗಿಯುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯವಾದ್ದರಿಂದ, ಆ ತಿಂಗಳುಗಳಲ್ಲಿ ಹೊರಗಿನ ಅಡುಗೆಯನ್ನೇ ನೆಚ್ಚಿ ಕೂರಬಾರದು.

ಪಾರ್ಕಿನ ದಿನ

ಡಿಸ್ನಿಯ ವಸತಿಗಳಲ್ಲಿ ಉಳಿದವರಿಗೆ, ಕ್ಯಾಂಪ್‌ಗ್ರೌಂಡಿನವರಿಗೂ ಸೇರಿ, ಪಾರ್ಕುಗಳು ಅರ್ಧ ಗಂಟೆ ಮೊದಲೇ ತೆರೆಯುತ್ತವೆ. ಆ ಅರ್ಧ ಗಂಟೆಯಲ್ಲಿ ಸಿಗುವ ಸವಾರಿಗಳು ಮಧ್ಯಾಹ್ನದ ಎರಡು ಗಂಟೆಗಳ ಸಾಲಿಗೆ ಸಮ. ನಾಲ್ಕು ಪಾರ್ಕುಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ ದೋಣಿ ಇದೆ, ಉಳಿದ ಮೂರಕ್ಕೂ ಬಸ್ಸು. ತಾಣದಿಂದ ದೋಣಿಕಟ್ಟೆಗೆ ಹೋಗುವುದಕ್ಕೇ ಒಳಗಿನ ಬಸ್ಸು ಕಾಯಬೇಕಾಗುತ್ತದೆ. ಇಷ್ಟನ್ನೂ ಕೂಡಿಸಿದರೆ ಪಾರ್ಕಿನ ದಿನ ಬೆಳಗ್ಗೆ ಒಲೆ ಹಚ್ಚಿಸುವ ತಿಂಡಿ ಬೇಡ ಎಂಬುದು ಸ್ಪಷ್ಟವಾಗುತ್ತದೆ. ಮೊಸರು ಅವಲಕ್ಕಿ, ಬಾಳೆಹಣ್ಣು, ಸೀರಿಯಲ್, ಹಿಂದಿನ ರಾತ್ರಿ ಲಟ್ಟಿಸಿ ಬೇಯಿಸಿಟ್ಟ ಚಪಾತಿ ಇವಿಷ್ಟೇ ಸಾಕು. ಉಪ್ಪಿಟ್ಟು, ದೋಸೆಗಳನ್ನು ಈಜುಕೊಳಕ್ಕೆ ಮೀಸಲಿಟ್ಟ ಬಿಡುವಿನ ದಿನಕ್ಕೆ ಉಳಿಸಿಕೊಳ್ಳಿ.

ಮನೆಯ ಬುತ್ತಿಯನ್ನು ಪಾರ್ಕಿನೊಳಗೆ ಒಯ್ಯಬಹುದು. ಡಿಸ್ನಿಯ ನಿಯಮ ಇದನ್ನು ಅನುಮತಿಸುತ್ತದೆಯಾದರೂ ಕೆಲವು ಷರತ್ತುಗಳಿವೆ: ಗಾಜಿನ ಪಾತ್ರೆ ಮತ್ತು ಮದ್ಯ ಕೂಡದು, ಬಿಸಿ ಮಾಡಬೇಕಾದ, ತಂಪಿನಲ್ಲೇ ಇಡಬೇಕಾದ ಅಥವಾ ಗಾಢವಾದ ವಾಸನೆಯ ಆಹಾರ ಕೂಡದು, ಬಿಡಿ ಮಂಜುಗಡ್ಡೆಯ ಬದಲು ಮುಚ್ಚಿದ ಐಸ್ ಪ್ಯಾಕ್ ಬಳಸಬೇಕು, ಕೂಲರ್ 24 ಇಂಚು ಉದ್ದ, 15 ಅಗಲ, 18 ಎತ್ತರವನ್ನು ಮೀರಬಾರದು. ಈ ಷರತ್ತುಗಳ ಬೆಳಕಿನಲ್ಲಿ ಮೊಸರನ್ನ ಬುತ್ತಿಗೆ ಒಗ್ಗುವುದಿಲ್ಲ, ಬೆಳ್ಳುಳ್ಳಿ ಒಗ್ಗರಣೆಯ ಪಲ್ಯವಂತೂ ಬೇಡ. ಅನ್ನದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣಾಂಶದಲ್ಲಿ ಎರಡು ಗಂಟೆಗಿಂತ ಹೆಚ್ಚು, ಉಷ್ಣಾಂಶ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದು ಗಂಟೆಗಿಂತ ಹೆಚ್ಚು ಇಡಬಾರದೆಂಬುದು ಅಮೆರಿಕದ ಆಹಾರ ಸುರಕ್ಷತೆಯ ಸೂತ್ರ, ಮತ್ತು ಫ್ಲಾರಿಡಾದ ಬೇಸಿಗೆ 90 ಅನ್ನು ನಿತ್ಯವೂ ದಾಟುತ್ತದೆ. ಪುಳಿಯೋಗರೆ ಕೆಡುವುದಿಲ್ಲ ಎಂಬ ನಮ್ಮ ನಂಬಿಕೆ ರೈಲುಪ್ರಯಾಣಗಳಿಂದ ಬಂದದ್ದು. ಅದನ್ನು ಬಿಸಿಲಲ್ಲಿ ನಿಂತ ಸ್ಟ್ರೋಲರಿನ ಚೀಲದಲ್ಲಿ ಪರೀಕ್ಷಿಸುವುದು ಬೇಡ. ಬುತ್ತಿಯಲ್ಲಿ ಚಟ್ನಿಪುಡಿ ಸವರಿ ಸುರುಳಿ ಸುತ್ತಿದ ಒಣ ಚಪಾತಿ, ಕೋಡುಬಳೆ, ನಿಪ್ಪಟ್ಟು, ಕಡಲೆಕಾಯಿ ಚಿಕ್ಕಿ, ಸೇಬು, ಕಿತ್ತಳೆ ಇರಲಿ. ನೀರಿನ ಬಾಟಲಿ ಖಾಲಿಯಾದರೆ ಕೌಂಟರಿನಲ್ಲಿ ಊಟ ಕೊಡುವ ಹೆಚ್ಚಿನ ಅಂಗಡಿಗಳು ತಣ್ಣೀರನ್ನು ಲೋಟದಲ್ಲಿ ಉಚಿತವಾಗಿ ಕೊಡುತ್ತವೆ.

ಹಾಗೆಂದು ಮಧ್ಯಾಹ್ನದ ಊಟವನ್ನೂ ಹೊತ್ತೊಯ್ಯಲು ಹೋಗಬೇಡಿ. ದಿನಕ್ಕೆ ಒಂದು ಊಟವನ್ನು ಪಾರ್ಕಿನೊಳಗೆ ಕೊಂಡು ತಿನ್ನುವುದು ದುಂದಲ್ಲ. ಎ.ಸಿ.ಯಲ್ಲಿ ಕುಳಿತು ಕಾಲು ಚಾಚುವ ಮುಕ್ಕಾಲು ಗಂಟೆ, ಅದರಲ್ಲೂ ಹಿರಿಯರಿಗೆ, ಆ ಹಣಕ್ಕೆ ತಕ್ಕದ್ದು. ಡಿಸ್ನಿಯ ಆ್ಯಪ್‌ನಲ್ಲಿ ಮೊದಲೇ ಆರ್ಡರ್ ಮಾಡಿದರೆ ಸಾಲು ತಪ್ಪುತ್ತದೆ, ಮತ್ತು ಸಸ್ಯಾಹಾರದ ಗುರುತುಗಳನ್ನು ಅಲ್ಲೇ ನೋಡಿಕೊಳ್ಳಬಹುದು. ಅನಿಮಲ್ ಕಿಂಗ್‌ಡಮ್ ಪಾರ್ಕಿನೊಳಗಿನ ಸಾಟುಲಿ ಕ್ಯಾಂಟೀನ್‌ನಲ್ಲಿ ಅನ್ನದ ಬಟ್ಟಲುಗಳು ಸಿಗುತ್ತವೆ. ಬಿಡುವಿನ ದಿನ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಡಿಸ್ನಿ ಹೋಟೆಲಿನ ಸನಾ ಉಪಾಹಾರಗೃಹಕ್ಕೆ ಹೋಗಿ, ಕುಲ್ಚಾ ಮತ್ತು ನಾನ್‌ಗಳನ್ನು ಹಲವು ಬಗೆಯ ನಂಚಿಕೆಗಳೊಂದಿಗೆ ತಿನ್ನುತ್ತಾ ಕಿಟಕಿಯಾಚೆ ಜಿರಾಫೆಗಳನ್ನು ನೋಡಬಹುದು. ಎಣ್ಣೆಯಲ್ಲಿ ಕರಿದದ್ದನ್ನು ಕೊಳ್ಳುವ ಮೊದಲು ಮಾಂಸಕ್ಕೂ ಅದೇ ಎಣ್ಣೆ ಬಳಸುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಅಲ್ಲಿನವರು ಇಂತಹ ಪ್ರಶ್ನೆಗೆ ಒಗ್ಗಿಕೊಂಡಿದ್ದಾರೆ.

ಎಲ್ಲಕ್ಕಿಂತ ಎಚ್ಚರದಿಂದ ಯೋಜಿಸಬೇಕಾದದ್ದು ರಾತ್ರಿಯ ಊಟ. ಬಾಣಬಿರುಸು ಮುಗಿಸಿ, ದೋಣಿಯ ಸಾಲಿನಲ್ಲಿ ನಿಂತು, ನಿದ್ದೆ ಹೋದ ಮಗುವನ್ನು ಹೆಗಲಮೇಲೆ ಹಾಕಿಕೊಂಡು ಬಂದವರಿಗೆ ತರಕಾರಿ ಹೆಚ್ಚುವ ಶಕ್ತಿ ಇರುವುದಿಲ್ಲ. ಬೆಳಗ್ಗೆಯೇ ಹುಳಿಯ ಒಂದು ಚೀಲವನ್ನು ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿಟ್ಟು ಹೋಗಿ. ಬಂದ ಕೂಡಲೇ ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದರೆ, ಎಲ್ಲರೂ ಕೈಕಾಲು ತೊಳೆದು ಬಟ್ಟೆ ಬದಲಿಸುವಷ್ಟರಲ್ಲಿ ಅನ್ನ ಆಗಿರುತ್ತದೆ, ಅಷ್ಟರಲ್ಲಿ ಹುಳಿಯೂ ಕುದಿದಿರುತ್ತದೆ. ಹಪ್ಪಳವನ್ನು ಮೈಕ್ರೋವೇವ್‌ನಲ್ಲಿ ಸುಡಬಹುದು. ಟೈಮರ್ ಇದೆಯೆಂದು ಅಕ್ಕಿಯನ್ನು ನೀರಲ್ಲಿ ನೆನೆಹಾಕಿ ಇಡೀ ದಿನ ಬಿಡುವುದು ಮಾತ್ರ ಬೇಡ; ಆ ಸೆಕೆಯಲ್ಲಿ ಅದು ಹುಳಿಯುತ್ತದೆ.

ಇದ್ದಿಲಿನ ಗ್ರಿಲ್ಲು, ಕಾಡಿನ ನೆರೆಹೊರೆ

ಬಿಡುವಿನ ದಿನದ ಸಂಜೆ ಇದ್ದಿಲಿನ ಗ್ರಿಲ್ಲನ್ನು ಬಳಸದಿದ್ದರೆ ಕ್ಯಾಂಪಿನ ಸುಖವನ್ನು ಅರ್ಧ ಬಿಟ್ಟಂತೆ. ಮುಸುಕಿನ ಜೋಳ, ಸಿಹಿಗೆಣಸು, ದಪ್ಪಮೆಣಸಿನಕಾಯಿ ಎಲ್ಲವೂ ಅದರ ಮೇಲೆ ಚೆನ್ನಾಗಿ ಬೇಯುತ್ತವೆ. ದೊಡ್ಡ ಬದನೆಕಾಯಿಯನ್ನು ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು ಗೊಜ್ಜು ಮಾಡಿದರೆ ಗ್ಯಾಸಿನ ಒಲೆ ಕೊಡದ ಹೊಗೆಯ ರುಚಿ ಬರುತ್ತದೆ. ನಿಮಗಿಂತ ಮೊದಲು ಉಳಿದವರು ಅದೇ ಸರಳುಗಳ ಮೇಲೆ ಮಾಂಸ ಬೇಯಿಸಿರುವ ಸಾಧ್ಯತೆಯೇ ಹೆಚ್ಚಾದ್ದರಿಂದ, ಸಸ್ಯಾಹಾರಿಗಳು ದಪ್ಪ ಅಲ್ಯೂಮಿನಿಯಂ ಹಾಳೆ ಅಥವಾ ತಮ್ಮದೇ ತಂತಿಬಲೆಯನ್ನು ಹೊದಿಸಿಕೊಳ್ಳಬೇಕು. ಇದ್ದಿಲು ಕೆಂಡವಾಗಿ ಮೇಲೆ ಬೂದಿ ಕಟ್ಟಲು ಅರ್ಧ ಗಂಟೆಯಾದರೂ ಬೇಕು.

ಉಂಡ ಮೇಲೆ ಮೇಜಿನ ಮೇಲೆ ಒಂದು ಅಗುಳನ್ನೂ ಬಿಡಬಾರದು. ಅಲ್ಲಿ ರಕೂನ್‌ಗಳು ಮತ್ತು ಅಳಿಲುಗಳು ಧಾರಾಳವಾಗಿವೆ, ಆ ಪ್ರದೇಶದಲ್ಲಿ ಕಪ್ಪು ಕರಡಿಗಳೂ ಇವೆ. 2023ರ ಸೆಪ್ಟೆಂಬರ್‌ನಲ್ಲಿ ಒಂದು ಕರಡಿ ಮ್ಯಾಜಿಕ್ ಕಿಂಗ್‌ಡಮ್‌ನೊಳಗಿನ ಮರವನ್ನೇ ಏರಿ ಕುಳಿತು, ಅದನ್ನು ಹಿಡಿಯುವವರೆಗೆ ಹಲವು ಸವಾರಿಗಳನ್ನು ಮುಚ್ಚಬೇಕಾಯಿತು. ಕಸದ ಚೀಲವನ್ನು ರಾತ್ರಿ ಹೊರಗೆ ತೂಗುಹಾಕದೆ ಅದಕ್ಕೆಂದೇ ಇರುವ ತೊಟ್ಟಿಗೆ ಹಾಕಿ ಬರಬೇಕು, ಕೂಲರನ್ನು ವಾಹನದೊಳಗಿಡಬೇಕು.

ಹೊರಡುವ ದಿನ ಬೆಳಗ್ಗೆ 11 ಗಂಟೆಯೊಳಗೆ ತಾಣ ತೆರವು ಮಾಡಬೇಕಾಗುತ್ತದೆ, ತೊಟ್ಟಿಗಳನ್ನು ಖಾಲಿ ಮಾಡಿ ಕೊಳವೆ ಬಿಚ್ಚುವ ಕೆಲಸಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆ. ಆದ್ದರಿಂದ ಕೊನೆಯ ರಾತ್ರಿ ಉಳಿದ ತರಕಾರಿಯನ್ನೆಲ್ಲ ಹಾಕಿ ಒಂದು ವಾಂಗಿಭಾತೋ ಪಲಾವೋ ಮಾಡಿ ಮುಗಿಸಿ, ಪಾತ್ರೆಗಳನ್ನು ಅಂದೇ ತೊಳೆದಿಡಿ. ಬೆಳಗ್ಗೆಗೆ ಬ್ರೆಡ್ಡು, ಹಾಲು, ಉಳಿದ ಹಣ್ಣು. ಅಟ್ಲಾಂಟಾದ ಕಡೆಗೆ ಹೊರಟವರಿಗೆ ಮುಂದೆ ಸುಮಾರು 440 ಮೈಲಿ ದಾರಿಯಿದೆ. ಫ್ರೀಜರಿನಲ್ಲಿ ಉಳಿದ ಪರೋಟಗಳನ್ನು ಹೊರಡುವ ಮುನ್ನ ಬೇಯಿಸಿ ಹಾಳೆಯಲ್ಲಿ ಸುತ್ತಿಟ್ಟುಕೊಂಡರೆ ಮೊದಲ ರೆಸ್ಟ್ ಏರಿಯಾದಲ್ಲಿ ಉಪ್ಪಿನಕಾಯಿಯೊಂದಿಗೆ ಅವೇ ಊಟವಾಗುತ್ತವೆ.