ಒಂದೇ ಲುಚಿಯಾ, ಮೂವರು ಗಾಯಕಿಯರು: ಬೆಲ್ ಕಾಂಟೊ ಒಪೆರಾ ನೋಡಲು ನಾನು ಕಲಿತ ಬಗೆ

ಒಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ, ಬೆಲ್ ಕಾಂಟೊ ಎಂದರೆ ಚಂದದ ಹಾಡುಗಾರಿಕೆ. ಇಟಲಿಯ ಬೆಲ್ ಕಾಂಟೊ ಒಪೆರಾ ನೋಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಹತ್ತಾರು ಒಪೆರಾಗಳ ಹಿಂದೆ ಓಡಬೇಡಿ. ಒಂದನ್ನು ಹಿಡಿಯಿರಿ. ಅದನ್ನೇ ಬೇರೆ ಬೇರೆ ಗಾಯಕರು ಹಾಡಿದ ಚಿತ್ರೀಕರಣಗಳನ್ನು ಒಂದರ ಹಿಂದೆ ಒಂದು ನೋಡಿ. ನಾನು ಕಲಿತದ್ದು ಹೀಗೆಯೇ.

ನಾನಿರುವುದು ಧಾರವಾಡದಲ್ಲಿ. ಕಲಿತದ್ದು ಹಿಂದೂಸ್ತಾನಿ ಗಾಯನ. ಇಲ್ಲಿ ಕೂತು ಒಪೆರಾ ನೋಡಬೇಕೆಂದರೆ, ರಂಗದ ಮೇಲೆ ನಡೆದದ್ದನ್ನು ಕ್ಯಾಮೆರಾ ಹಿಡಿದುಕೊಟ್ಟ ಚಿತ್ರೀಕರಣಗಳೇ ಗತಿ. ಮೊದಲು ಡಿವಿಡಿ ತರಿಸಿ ನೋಡುತ್ತಿದ್ದೆ. 2020ರ ಮಾರ್ಚ್‌ನಲ್ಲಿ ಎಲ್ಲ ಕಡೆ ರಂಗಮಂದಿರಗಳು ಬಾಗಿಲು ಹಾಕಿದವು. ಆಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ತನ್ನ ಹಳೆಯ ಚಿತ್ರೀಕರಣಗಳನ್ನು ದಿನಕ್ಕೊಂದರಂತೆ ಉಚಿತವಾಗಿ ತೋರಿಸತೊಡಗಿತು. ಅಲ್ಲಿ ಸಂಜೆ 7.30 ಎಂದರೆ ನಮಗೆ ಬೆಳಗಿನ 5 ಗಂಟೆ, ರಿಯಾಜಿಗೆ ಏಳುವ ಹೊತ್ತು. ಮಾರನೆಯ ದಿನ ಸಂಜೆಯವರೆಗೂ ಅದು ಸಿಗುತ್ತಿತ್ತು. ಹಾಗಾಗಿ ರಿಯಾಜು ಮುಗಿಸಿ, ಚಹಾ ಕುಡಿದು, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಟಿವಿಯ ಸ್ಪೀಕರಿನಲ್ಲಿ ಈ ಸಂಗೀತ ಕೇಳುವುದು ಬೇಡ. ಮೆಲುದನಿಯ ಅರ್ಧ ಭಾಗ ಅಲ್ಲೇ ಕಳೆದುಹೋಗುತ್ತದೆ.

ಬೆಲ್ ಕಾಂಟೊ ಎಂದಾಗ ಮುಖ್ಯವಾಗಿ ಮೂವರು ಸಂಗೀತ ಸಂಯೋಜಕರು: ರೊಸ್ಸಿನಿ, ಬೆಲ್ಲಿನಿ, ಡೊನಿಜೆಟ್ಟಿ. ಹೆಚ್ಚುಕಡಿಮೆ 1810ರಿಂದ 1840ರ ದಶಕದವರೆಗಿನ ಕಾಲ. ಇವರ ಒಪೆರಾದಲ್ಲಿ ಕಥೆಯೂ ಇದೆ, ವಾದ್ಯವೃಂದವೂ ಇದೆ. ಆದರೆ ಎಲ್ಲದರ ಭಾರ ಗಂಟಲಿನ ಮೇಲೆ. ಉದ್ದನೆಯ ಉಸಿರು, ಒಂದು ಸ್ವರದಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಜಾರುವುದು, ಮಿಂಚಿನ ವೇಗದ ತಾನುಗಳು, ಮಾತಿನ ಅರ್ಥಕ್ಕೆ ತಕ್ಕ ದನಿಯ ಬಣ್ಣ. ಖಯಾಲ್ ಕೇಳಿ ಬೆಳೆದ ನನಗೆ ಇದರ ಹಂದರ ಬೇಗ ಕೈಗೆ ಸಿಕ್ಕಿತು. ವಿಲಂಬಿತದ ನಂತರ ದ್ರುತ್ ಬರುವ ಹಾಗೆ ಇಲ್ಲಿಯೂ ದೊಡ್ಡ ಹಾಡಿಗೆ ಎರಡು ಭಾಗ. ಮೊದಲು ನಿಧಾನದ ಕಾಂಟಾಬಿಲೆ, ಕೊನೆಗೆ ವೇಗದ ಕಬಲೆಟ್ಟಾ. ನಡುವೆ ಏನೋ ಒಂದು ಆಗುತ್ತದೆ. ಸುದ್ದಿ ಬರುತ್ತದೆ, ಯಾರೋ ಒಳಗೆ ಬರುತ್ತಾರೆ, ಮನಸ್ಸು ತಿರುಗುತ್ತದೆ. ಕಬಲೆಟ್ಟಾದ ಧಾಟಿಯನ್ನು ಎರಡು ಸಲ ಹಾಡಬೇಕು. ಎರಡನೇ ಸಲ ಗಾಯಕರು ತಮ್ಮದೇ ಅಲಂಕಾರ ಸೇರಿಸುತ್ತಾರೆ. ನನ್ನ ಕಿವಿ ನೆಟ್ಟಿರುವುದು ಆ ಎರಡನೇ ಸಲದ ಮೇಲೆ.

ನಾನು ಹಿಡಿದದ್ದು ಡೊನಿಜೆಟ್ಟಿಯ 'ಲುಚಿಯಾ ದಿ ಲಾಮ್ಮೆರ್‌ಮೂರ್'. ನೇಪಲ್ಸ್‌ನ ಸಾನ್ ಕಾರ್ಲೊ ರಂಗಮಂದಿರದಲ್ಲಿ 1835ರ ಸೆಪ್ಟೆಂಬರ್ 26ರಂದು ಇದರ ಮೊದಲ ಪ್ರದರ್ಶನ. ಅದಕ್ಕೆ ಮೂರೇ ದಿನ ಮುಂಚೆ ಬೆಲ್ಲಿನಿ ಪ್ಯಾರಿಸ್ ಹತ್ತಿರ ತೀರಿಕೊಂಡಿದ್ದ, 33ನೇ ವಯಸ್ಸಿನಲ್ಲಿ. ಕಥೆ ಸ್ಕಾಟ್ಲೆಂಡಿನದು. ಅಣ್ಣ ತನ್ನ ಅನುಕೂಲಕ್ಕಾಗಿ ಲುಚಿಯಾಳನ್ನು ಬೇರೊಬ್ಬನಿಗೆ ಮದುವೆ ಮಾಡುತ್ತಾನೆ. ಮದುವೆಯ ರಾತ್ರಿ ಆಕೆ ಗಂಡನನ್ನು ಇರಿದು, ಬುದ್ಧಿ ಕಳೆದುಕೊಂಡು, ಅತಿಥಿಗಳ ನಡುವೆ ಬಂದು ನಿಲ್ಲುತ್ತಾಳೆ. ಆ ಹುಚ್ಚಿನ ದೃಶ್ಯಕ್ಕಾಗಿಯೇ ಜನ ಲುಚಿಯಾ ನೋಡುತ್ತಾರೆ.

ಮೂರು ಚಿತ್ರೀಕರಣಗಳನ್ನು ಪಕ್ಕಪಕ್ಕ ಇಟ್ಟುಕೊಂಡೆ. ಮೂರೂ ಮೆಟ್ರೊಪಾಲಿಟನ್‌ನವೇ. 1982ರದ್ದರಲ್ಲಿ ಜೋನ್ ಸದರ್‌ಲ್ಯಾಂಡ್, 2009ರದ್ದರಲ್ಲಿ ಅನ್ನಾ ನೆಟ್ರೆಬ್ಕೊ, 2011ರದ್ದರಲ್ಲಿ ನತಾಲಿ ದೆಸೆ. ಇದರಲ್ಲೊಂದು ಅನುಕೂಲ ಇದೆ. 2009 ಮತ್ತು 2011ರವು ಒಂದೇ ನಿರ್ಮಾಣ, ನಿರ್ದೇಶಕಿ ಮೇರಿ ಜಿಮ್ಮರ್‌ಮನ್. ಅದೇ ಸೆಟ್, ಅದೇ ಕಲ್ಪನೆ, ಬದಲಾಗಿದ್ದು ಮುಖ್ಯವಾಗಿ ಹಾಡುವವರು. ಹಾಗಾಗಿ ಯಾವುದು ನಿರ್ದೇಶಕಿಯದು, ಯಾವುದು ಗಾಯಕಿಯದು ಎಂದು ಬಿಡಿಸಿ ನೋಡಬಹುದು. ಇಂಥ ಜೋಡಿ ಸಿಕ್ಕರೆ ಬಿಡಬೇಡಿ.

ನೋಡುವ ಕ್ರಮ ಹೀಗಿತ್ತು. ಮೊದಲು ಕಥೆಯನ್ನು ಪೂರ್ತಿ ಓದಿಕೊಂಡೆ. ಒಪೆರಾದಲ್ಲಿ ಮುಂದೇನಾಗುತ್ತದೆ ಎಂದು ಗೊತ್ತಿದ್ದರೆ ನಷ್ಟವೇನೂ ಇಲ್ಲ. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳುವುದು. ಮೂರನೆಯದಾಗಿ ಸಬ್‌ಟೈಟಲ್ ಇಟ್ಟುಕೊಂಡು ಪೂರ್ತಿ ನೋಡುವುದು. ಕೊನೆಗೆ ಸಬ್‌ಟೈಟಲ್ ತೆಗೆದು ಹುಚ್ಚಿನ ದೃಶ್ಯ ಮಾತ್ರ. ಕೊನೆಯ ಈ ಹಂತ ತುಂಬ ಮುಖ್ಯ ಎಂದು ನನ್ನ ಅನಿಸಿಕೆ. ಪರದೆಯ ಕೆಳಗಿನ ಅಕ್ಷರ ಓದುತ್ತಿದ್ದರೆ ಗಾಯಕಿಯ ಎದೆ, ಪಕ್ಕೆಲುಬು, ದವಡೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಬೆಲ್ ಕಾಂಟೊದಲ್ಲಿ ನೋಡಬೇಕಾದ್ದು ಅದನ್ನೇ. ಉಸಿರು ಎಲ್ಲಿ ತೆಗೆದುಕೊಂಡರು? ಸಾಲಿನ ನಡುವೆಯೋ, ಕೊನೆಗೋ? ಮೇಲಿನ ಸ್ವರಕ್ಕೆ ಹೋಗುವ ಮುನ್ನ ಭುಜ ಎತ್ತಿದರಾ? ಒಂದು ನೋಟ್‌ಬುಕ್ಕಿನಲ್ಲಿ ಸಾಲುಗಳನ್ನು ಬರೆದು, ಉಸಿರು ತೆಗೆದ ಕಡೆಯಲ್ಲೆಲ್ಲ ಗೆರೆ ಎಳೆಯುತ್ತಿದ್ದೆ. ಮೂವರಿಗೂ ಮೂರು ಬಣ್ಣದ ಪೆನ್ನು. ಆ ಪುಟಗಳು ನನಗೆ ಕಲಿಸಿದಷ್ಟನ್ನು ಯಾವ ವಿಮರ್ಶೆಯೂ ಕಲಿಸಲಿಲ್ಲ.

1982ರಲ್ಲಿ ಸದರ್‌ಲ್ಯಾಂಡ್‌ಗೆ 56 ವರ್ಷ. ಲಂಡನ್ನಿನ ಕವೆಂಟ್ ಗಾರ್ಡನ್ ಒಪೆರಾ ಮಂದಿರದಲ್ಲಿ 1959ರಲ್ಲಿ ಇದೇ ಪಾತ್ರದಿಂದ ಲೋಕಕ್ಕೆಲ್ಲ ಹೆಸರಾಗಿದ್ದವರು ಅವರು. ಹದಿಹರೆಯದ ಹುಡುಗಿಯಂತೆ ಕಾಣುವುದಿಲ್ಲ, ನಿಜ. ನಟನೆಯೂ ಹಳೆಯ ಕಾಲದ್ದು. ಆದರೆ ತಾನುಗಳಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ದುಂಡಗೆ ಬರುತ್ತದೆ. ಟ್ರಿಲ್ ಎಂದರೆ ನಿಜವಾದ ಟ್ರಿಲ್, ಎರಡು ಸ್ವರಗಳು ಬೇರೆ ಬೇರೆ ಕೇಳುತ್ತವೆ, ಬರೀ ನಡುಕವಲ್ಲ. ದೆಸೆ ಅವರ ದನಿ ಹಗುರ, ಚುರುಕು. ಅವರು ಮೊದಲು ನಟಿಯಾಗಬೇಕೆಂದು ಹೊರಟವರು. ಅವರ ಲುಚಿಯಾಳ ಹುಚ್ಚು ಬೆರಳ ತುದಿಯವರೆಗೂ ಇಳಿದಿರುತ್ತದೆ. ನೆಟ್ರೆಬ್ಕೊ ಅವರ ದನಿ ಗಾಢ, ತುಂಬಿದ ದನಿ. ಅತಿ ವೇಗದ ಜಾಗಗಳಲ್ಲಿ ಸದರ್‌ಲ್ಯಾಂಡ್ ಅವರ ಸ್ಪಷ್ಟತೆ ಅಲ್ಲಿ ನನಗೆ ಸಿಗಲಿಲ್ಲ. ಆದರೆ ನಿಧಾನದ ಭಾಗದಲ್ಲಿ ಆ ದನಿಯ ಬಣ್ಣವೇ ದುಃಖವನ್ನು ಹೊತ್ತು ತರುತ್ತದೆ. ಒಬ್ಬರನ್ನೇ ನೋಡಿ ಬಿಟ್ಟಿದ್ದರೆ, ಲುಚಿಯಾ ಎಂದರೆ ಇಷ್ಟೇ ಅಂದುಕೊಳ್ಳುತ್ತಿದ್ದೆ, ಅಲ್ವಾ?

ಈ ಹುಚ್ಚಿನ ದೃಶ್ಯದ ಬಗ್ಗೆ ಒಂದು ವಿಷಯ. ಇಲ್ಲಿ ಗಾಯಕಿಯ ಜೊತೆ ನುಡಿಸಲು ಡೊನಿಜೆಟ್ಟಿ ಮೊದಲು ಇಟ್ಟುಕೊಂಡದ್ದು ಗಾಜಿನ ಹಾರ್ಮೋನಿಕಾ. ಒದ್ದೆ ಬೆರಳಿನಿಂದ ಗಾಜನ್ನು ಸವರಿ ನುಡಿಸುವ ವಾದ್ಯ. ಆಮೇಲೆ ಅದನ್ನು ತೆಗೆದು ಕೊಳಲಿಗೆ ಕೊಟ್ಟ. ಗಾಯಕಿ ಮತ್ತು ಕೊಳಲು ಜುಗಲ್‌ಬಂದಿ ನಡೆಸುವ ಆ ಪ್ರಸಿದ್ಧ ಉದ್ದನೆಯ ಭಾಗ ಅವನು ಬರೆದದ್ದೇ ಅಲ್ಲ. ಅದು ಅವನು ಸತ್ತು ಎಷ್ಟೋ ವರ್ಷಗಳ ಮೇಲೆ ಸೇರಿಕೊಂಡದ್ದು. ಈಗ ಕೆಲವು ರಂಗಮಂದಿರಗಳು ಗಾಜಿನ ವಾದ್ಯವನ್ನು ಮತ್ತೆ ತರುತ್ತಿವೆ. ಅದರ ದನಿ ಮೈ ಜುಮ್ಮೆನ್ನಿಸುತ್ತದೆ. ಸಿಕ್ಕರೆ ಅದನ್ನೂ ಕೇಳಿ.

ಕ್ಯಾಮೆರಾ ಬಗ್ಗೆ ಹೇಳಲೇಬೇಕು. ಚಿತ್ರೀಕರಣದಲ್ಲಿ ರಂಗನಿರ್ದೇಶಕರ ಜೊತೆಗೆ ವಿಡಿಯೋ ನಿರ್ದೇಶಕರೂ ಇರುತ್ತಾರೆ. ನಾವು ಏನನ್ನು ನೋಡಬೇಕು ಎಂದು ತೀರ್ಮಾನಿಸುವವರು ಅವರು. ಒಬ್ಬರೇ ಹಾಡುವಾಗ ಹತ್ತಿರದ ಶಾಟ್ ಚೆನ್ನ, ಉಸಿರು ಕಾಣುತ್ತದೆ. ಹಲವರು ಕೂಡಿ ಹಾಡುವಾಗ ಅದೇ ಹತ್ತಿರದ ಶಾಟ್ ಎಲ್ಲವನ್ನೂ ಕೆಡಿಸುತ್ತದೆ. ಲುಚಿಯಾದ ಎರಡನೇ ಅಂಕದಲ್ಲಿ ಮದುವೆಯ ಕರಾರಿಗೆ ಸಹಿ ಬೀಳುತ್ತದೆ, ಪ್ರಿಯಕರ ಎದ್ಗಾರ್ದೊ ಒಳಗೆ ನುಗ್ಗುತ್ತಾನೆ. ಆಗ ಆರು ಜನ ಒಟ್ಟಿಗೆ, ಒಬ್ಬೊಬ್ಬರು ತಮ್ಮ ತಮ್ಮ ಮನಸ್ಸಿನ ಮಾತನ್ನು ಹಾಡುತ್ತಾರೆ. ಕಾಲವೇ ನಿಂತುಬಿಟ್ಟ ಹಾಗೆ. ಅಲ್ಲಿ ಕ್ಯಾಮೆರಾ ಒಂದು ಮುಖದಿಂದ ಇನ್ನೊಂದಕ್ಕೆ ಹಾರತೊಡಗಿದರೆ ನಿಂತ ಕಾಲ ಮತ್ತೆ ಓಡುತ್ತದೆ. ಜಿಮ್ಮರ್‌ಮನ್ ಇದಕ್ಕೆ ರಂಗದ ಮೇಲೇ ಉತ್ತರ ಹುಡುಕಿದ್ದಾರೆ. ಒಬ್ಬ ಫೋಟೋಗ್ರಾಫರ್ ಬಂದು ಮದುವೆಯ ಗುಂಪು ಫೋಟೋಗೆ ಎಲ್ಲರನ್ನೂ ನಿಲ್ಲಿಸುತ್ತಾನೆ. ಸಿಟ್ಟು, ಅಳು, ಅಪರಾಧಿ ಭಾವ ಎಲ್ಲವನ್ನೂ ಒಳಗಿಟ್ಟುಕೊಂಡು ಅವರು ಫೋಟೋಗೆ ನಿಲ್ಲುತ್ತಾರೆ, ಹಾಡುತ್ತಾರೆ. ಇದು ಅತಿಯಾಯಿತು ಎನ್ನುವವರೂ ಇದ್ದಾರೆ. ನನಗಂತೂ ತುಂಬ ಇಷ್ಟವಾಯಿತು.

ಮೈಕ್‌ನ ವಿಷಯವನ್ನೂ ನೆನಪಿಡಿ. ರಂಗಮಂದಿರದಲ್ಲಿ ಈ ಗಾಯಕರು ಮೈಕ್ ಇಲ್ಲದೆ, ಇಡೀ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸುತ್ತಾರೆ. ಚಿತ್ರೀಕರಣದಲ್ಲಿ ಮೈಕ್ ಹತ್ತಿರವಿರುತ್ತದೆ. ಸಣ್ಣ ದನಿ, ದೊಡ್ಡ ದನಿ ಎರಡೂ ಒಂದೇ ಅಳತೆಗೆ ಬಂದುಬಿಡುತ್ತವೆ. ಆದ್ದರಿಂದ ಯಾರ ದನಿ ದೊಡ್ಡದು ಎಂದು ಚಿತ್ರೀಕರಣ ನೋಡಿ ನಾನು ತೀರ್ಪು ಕೊಡುವುದಿಲ್ಲ. ಶ್ರುತಿ, ಉಸಿರು, ಮಾತಿನ ಸ್ಪಷ್ಟತೆ, ಅಲಂಕಾರದ ಔಚಿತ್ಯ ಇವನ್ನು ಮಾತ್ರ ಅಳೆಯುತ್ತೇನೆ.

ಇನ್ನೊಂದು ಜಾತಿಯ ಚಿತ್ರವೂ ಇದೆ. ಜಾನ್ ಪಿಯೆರ್ ಪೊನೆಲ್ ಅವರು 1972ರಲ್ಲಿ ರೊಸ್ಸಿನಿಯ 'ಇಲ್ ಬಾರ್ಬಿಯೆರೆ ದಿ ಸಿವಿಲ್ಯಾ'ವನ್ನು, 1981ರಲ್ಲಿ 'ಲಾ ಚೆನೆರೆಂತೊಲಾ'ವನ್ನು ಸಿನಿಮಾ ಮಾಡಿದರು. ಎರಡರಲ್ಲೂ ವಾದ್ಯವೃಂದವನ್ನು ನಡೆಸಿದವರು ಕ್ಲಾಡಿಯೊ ಅಬ್ಬಾಡೊ. ನೋಡಲು ಬಹಳ ಚಂದ. ಆದರೆ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಆಮೇಲೆ ತುಟಿ ಆಡಿಸಿದ್ದು. ಅಲ್ಲಿ ಉಸಿರು ಹುಡುಕಿ ಪ್ರಯೋಜನವಿಲ್ಲ. ಕಥೆ ತಿಳಿಯಲು ಅವು ಒಳ್ಳೆಯವು. ಹಾಡುವುದು ಹೇಗೆ ಎಂದು ತಿಳಿಯಲು ರಂಗದ ಮೇಲಿನ ಚಿತ್ರೀಕರಣವೇ ಬೇಕು.

ರಂಗದ ಮೇಲೆ ಆಗುವ ಆಕಸ್ಮಿಕಗಳೂ ಚಿತ್ರೀಕರಣದ ಜೊತೆ ಉಳಿದುಕೊಳ್ಳುತ್ತವೆ. 2009ರ ಜುಲೈನಲ್ಲಿ ಕವೆಂಟ್ ಗಾರ್ಡನ್‌ನಲ್ಲಿ ಇದೇ 'ಬಾರ್ಬಿಯೆರೆ'ಯ ಮೊದಲ ದಿನ ಗಾಯಕಿ ಜಾಯ್ಸ್ ಡಿಡೊನಾಟೊ ರಂಗದ ಮೇಲೇ ಕಾಲು ಮುರಿದುಕೊಂಡರು. ಆದರೂ ಆಟ ಮುಗಿಸಿದರು. ಮುಂದಿನ ಪ್ರದರ್ಶನಗಳಲ್ಲಿ ವೀಲ್‌ಚೇರಿನಲ್ಲಿ ಕೂತು ಹಾಡಿದರು. ಡಿವಿಡಿಯಲ್ಲಿ ಇರುವುದು ಆ ವೀಲ್‌ಚೇರಿನ ರೊಸೀನಾ. ಕಥೆಯಲ್ಲಿ ರೊಸೀನಾ ಮುದುಕ ಪೋಷಕನ ಮನೆಯಲ್ಲಿ ಕೂಡಿಹಾಕಿದ ಹುಡುಗಿ. ಎದ್ದು ಓಡಲಾಗದೆ, ದನಿಯೊಂದರಿಂದಲೇ ಹಟ ಸಾಧಿಸುವ ಆ ಹಾಡುಗಾರಿಕೆ ಕಂಡಾಗ ನನಗೆ ಪಾತ್ರವೇ ಹೊಸದಾಗಿ ಅರ್ಥವಾಯಿತು.

ಎಲ್ಲಕ್ಕಿಂತ ಜಾಸ್ತಿ ಸಲ ನಾನು ನೋಡಿರುವುದು ಬೆಲ್ಲಿನಿಯ 'ನೊರ್ಮಾ', 1974ರ ಜುಲೈನಲ್ಲಿ ಫ್ರಾನ್ಸಿನ ಒರಾಂಜ್‌ನಲ್ಲಿ ನಡೆದದ್ದು. ನೊರ್ಮಾ ಪಾತ್ರದಲ್ಲಿ ಮೊಂತ್ಸೆರಾತ್ ಕಬಾಯೆ. ರೋಮನ್ನರು ಕಟ್ಟಿದ ಬಯಲು ರಂಗಮಂದಿರ, ಹಿಂದೆ ಭಾರಿ ಕಲ್ಲಿನ ಗೋಡೆ. ಒಪೆರಾದ ಕಥೆಯೂ ರೋಮನ್ನರು ಆಳುತ್ತಿದ್ದ ಗಾಲ್ ನಾಡಿನದು. ಒರಾಂಜ್ ಇರುವುದು ಅದೇ ನಾಡಿನಲ್ಲಿ. ಇದಕ್ಕಿಂತ ಹೊಂದುವ ಸೆಟ್ ಯಾರು ಹಾಕಿಯಾರು? ಅವತ್ತು ರಾತ್ರಿ ಮಿಸ್ತ್ರಾಲ್ ಗಾಳಿ ಜೋರಾಗಿ ಬೀಸುತ್ತಿತ್ತು. ಬಟ್ಟೆಗಳು ಪಟಪಟ ಹಾರುತ್ತವೆ, ಮೈಕ್‌ನಲ್ಲಿ ಗಾಳಿಯ ಸದ್ದೂ ಕೇಳುತ್ತದೆ. ಆ ಗಾಳಿಯ ನಡುವೆ ಕಬಾಯೆ 'ಕಾಸ್ತಾ ದಿವಾ' ಹಾಡುತ್ತಾರೆ. ಚಂದ್ರನನ್ನು ಶಾಂತಿಗಾಗಿ ಬೇಡುವ ಹಾಡು ಅದು. ಸಾಲು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಮುಂದುವರಿಯುತ್ತದೆ. ಮೆಲ್ಲಗೆ, ಇನ್ನೂ ಮೆಲ್ಲಗೆ ಹೋದರೂ ದನಿ ಒಡೆಯುವುದಿಲ್ಲ. ಉಸಿರಿನ ಮೇಲೆ ಒಬ್ಬ ಮನುಷ್ಯರಿಗೆ ಎಷ್ಟು ಹಿಡಿತ ಇರಬಹುದು ಎಂದು ತೋರಿಸಲು ನನ್ನ ವಿದ್ಯಾರ್ಥಿಗಳಿಗೆ ನಾನು ಈಗಲೂ ಇದನ್ನೇ ಹಾಕುತ್ತೇನೆ. ಮರಿಯಾ ಕಾಲಸ್ ಹಾಡಿದ ಪೂರ್ತಿ 'ನೊರ್ಮಾ'ದ ಚಿತ್ರೀಕರಣ ನಮಗೆ ಉಳಿದಿಲ್ಲ ಎನ್ನುವ ದುಃಖ ನನಗೆ ಯಾವಾಗಲೂ ಇದೆ. 1958ರ ಡಿಸೆಂಬರ್‌ನ ಪ್ಯಾರಿಸ್ ಕಛೇರಿಯಲ್ಲಿ ಅವರು ಹಾಡಿದ 'ಕಾಸ್ತಾ ದಿವಾ' ಮಾತ್ರ ಸಿಗುತ್ತದೆ. ಎರಡನ್ನೂ ಒಂದೇ ಸಂಜೆ ನೋಡಿ.

ಹಳೆಯ ಚಿತ್ರೀಕರಣಗಳಲ್ಲಿ ಕತ್ತರಿ ಪ್ರಯೋಗ ಜಾಸ್ತಿ. ಕಬಲೆಟ್ಟಾವನ್ನು ಒಂದೇ ಸಲ ಹಾಡಿ ಮುಗಿಸುವುದು, ಕಷ್ಟದ ಹಾಡನ್ನು ಪೂರ್ತಿ ಬಿಟ್ಟುಬಿಡುವುದು ವಾಡಿಕೆಯಾಗಿತ್ತು. 'ಬಾರ್ಬಿಯೆರೆ'ಯ ಕೊನೆಯಲ್ಲಿ ರೊಸೀನಾಳ ಪ್ರಿಯಕರ ಕೌಂಟ್‌ಗೆ ಒಂದು ದೊಡ್ಡ ಹಾಡಿದೆ. ಹಾಡಬಲ್ಲವರು ಇಲ್ಲದೆ ಬಹಳ ಕಾಲ ಅದನ್ನು ಬಿಡುತ್ತಿದ್ದರು. 2007ರ ಮೆಟ್ರೊಪಾಲಿಟನ್ ಚಿತ್ರೀಕರಣದಲ್ಲಿ ಹುವಾನ್ ದಿಯೆಗೊ ಫ್ಲೋರೆಸ್ ಅದನ್ನು ಪೂರ್ತಿ ಹಾಡಿದ್ದಾರೆ. ಅದನ್ನು ಕೇಳಿ, ತಕ್ಷಣ 'ಚೆನೆರೆಂತೊಲಾ'ದ ಕೊನೆಯ ಹಾಡು ಹಾಕಿ. ಧಾಟಿ ಅದೇ! ರೊಸ್ಸಿನಿ ಮರುವರ್ಷವೇ ಅದನ್ನು ನಾಯಕಿಗೆ ಕೊಟ್ಟಿದ್ದ.

ಈಗ ಕೆಲವು ಗೆಳೆಯರು ಆಗಾಗ ನಮ್ಮ ಮನೆಯಲ್ಲಿ ಸೇರುತ್ತೇವೆ. ಹೊಸಬರಿಗೆ ಲುಚಿಯಾ ತೋರಿಸುವುದಿಲ್ಲ. ಡೊನಿಜೆಟ್ಟಿಯ 'ಲೆಲಿಸಿರ್ ದಮೋರೆ' ಹಾಕುತ್ತೇನೆ, 2005ರ ವಿಯೆನ್ನಾ ಚಿತ್ರೀಕರಣ. ಕಥೆಯನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಎಲ್ಲರ ಕೈಗೂ ಕೊಡುತ್ತೇನೆ. ನಗುವಿನ ಕಥೆ, ಹಳ್ಳಿಯ ಬಡ ಹುಡುಗ, ಸುಳ್ಳು ಔಷಧಿ ಮಾರುವ ಡಾಕ್ಟರ್. ಅಂಕ ಮುಗಿದ ಕೂಡಲೇ ನಿಲ್ಲಿಸಿ ಮಾತಾಡುತ್ತೇವೆ. ಎರಡನೇ ಅಂಕದಲ್ಲಿ ರೊಲಾಂದೊ ವಿಯಾಸೊನ್ 'ಉನಾ ಫುರ್ತಿವಾ ಲಾಗ್ರಿಮಾ' ಹಾಡುತ್ತಾರೆ. ಚಪ್ಪಾಳೆ ನಿಲ್ಲುವುದೇ ಇಲ್ಲ. ಅವರು ಇಡೀ ಹಾಡನ್ನು ಮತ್ತೊಮ್ಮೆ ಹಾಡುತ್ತಾರೆ, ಅದೂ ಚಿತ್ರೀಕರಣದಲ್ಲಿ ಹಾಗೆಯೇ ಇದೆ. ಅದೇ ರಾತ್ರಿ, ಅದೇ ಗಂಟಲು, ಅದೇ ಹಾಡು. ಮೊದಲ ಸಲ ಎಲ್ಲಿ ಉಸಿರು ತೆಗೆದರು, ಎರಡನೇ ಸಲ ಎಲ್ಲಿ, ಯಾವ ಮಾತಿನ ಮೇಲೆ ಜಾಸ್ತಿ ಹೊತ್ತು ನಿಂತರು, ನೋಡಿ ಹೇಳಿ ಎಂದು ಪೆನ್ನು ಕೊಟ್ಟುಬಿಡುತ್ತೇನೆ.