ಬೂದಿಯ 84 ದಿನ, ದಿನಕ್ಕೆ 200 ರೂಪಾಯಿ

ಬೂದಿ ಬಸುರಿ ಅಂತಲೇ ನಮ್ಮ ಬೀದಿಯವರೆಲ್ಲ ಅಂದುಕೊಂಡಿದ್ದರು. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ. ಬೂದಿ ಅಂದರೆ ಕಾಂಪೌಂಡ್ ಮೇಲೆ ಓಡಾಡಿಕೊಂಡಿದ್ದ ಬೂದು ಬಣ್ಣದ ಬೆಕ್ಕು, ಇನ್ನೂ ವರ್ಷ ತುಂಬಿತ್ತೋ ಇಲ್ಲವೋ. ಹೊಟ್ಟೆ ದಿನಾ ಊದುತ್ತಿತ್ತು. ಮೂಲೆಯಲ್ಲಿ ಹೂವು ಕಟ್ಟುವ ಅಜ್ಜಿ ಅವಳಿಗೆ ಅಂತಲೇ ಹಾಲು ಜಾಸ್ತಿ ತರಿಸುತ್ತಿದ್ದರು. ಒಂದಿನ ಬೆನ್ನು ಸವರಿದರೆ ಮೂಳೆಗಳು ಮಣಿಮಣಿಯಾಗಿ ಕೈಗೆ ಸಿಕ್ಕವು. ಹೊಟ್ಟೆ ಅಷ್ಟು ದಪ್ಪ, ಬೆನ್ನಲ್ಲಿ ಮಾಂಸವೇ ಇಲ್ಲ.

ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಇನ್ನೊಂದು ಬುಟ್ಟಿ ಬೋರಲು ಹಾಕಿ, ಹಗ್ಗ ಕಟ್ಟಿ ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಹೊಟ್ಟೆಯಿಂದ ತೆಗೆದ ನೀರು ಹಳದಿ, ಒಂದೆಳೆ ಪಾಕದ ಹಾಗೆ ಅಂಟಂಟು. ರಕ್ತದ ರಿಪೋರ್ಟೂ ನೋಡಿ ಎಫ್‌ಐಪಿ (ಫೆಲೈನ್ ಇನ್‌ಫೆಕ್ಷಿಯಸ್ ಪೆರಿಟೊನೈಟಿಸ್) ಅನ್ನುವ ಬೆಕ್ಕಿನ ಕಾಯಿಲೆ ಅಂದರು. ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ಕೊರೊನಾ ವೈರಸ್ ಕೆಲವು ಬೆಕ್ಕುಗಳ ಮೈಯೊಳಗೆ ರೂಪ ಬದಲಿಸಿ ಹೀಗೆ ಮಾಡುತ್ತದೆ. (ಕೋವಿಡ್ ಅಲ್ಲ, ಮನುಷ್ಯರಿಗೆ ಅಂಟಲ್ಲ. ಇದನ್ನು ನಾನು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ.) ಮೊದಲೆಲ್ಲ ಈ ಕಾಯಿಲೆ ಬಂತು ಅಂದರೆ ಮುಗೀತು ಅಂತಲೇ ಲೆಕ್ಕ. ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ನೀಲ್ಸ್ ಪೆಡರ್ಸನ್ ಮತ್ತು ಜೊತೆಯವರು ಜಿಎಸ್-441524 ಅನ್ನುವ ಔಷಧಿಯನ್ನು 31 ಬೆಕ್ಕುಗಳಿಗೆ ಕೊಟ್ಟು ನೋಡಿ, 2019ರಲ್ಲಿ ಪ್ರಕಟಿಸಿದರು. ಹೆಚ್ಚಿನವು ಬದುಕಿದವು. ಬೂದಿಗೆ ಹೇಳಿದ ಕೋರ್ಸ್ 84 ದಿನ, ಒಂದು ದಿನವೂ ತಪ್ಪಬಾರದು, ಡೋಸ್ ಬೆಕ್ಕಿನ ತೂಕದ ಮೇಲೆ. ಬೂದಿ 1.9 ಕೆಜಿ ಇದ್ದಳು. ದಿನಕ್ಕೆ ಸುಮಾರು 200 ರೂಪಾಯಿ ಮಾತ್ರೆ, ಮೇಲೆ ಟೆಸ್ಟು, ಡ್ರಿಪ್ಪು ಎಲ್ಲಾ ಸೇರಿ 26,000 ಆಗಬಹುದು ಅಂತ ಲೆಕ್ಕ ಹಾಕಿದೆವು. ನನ್ನ ಹತ್ತಿರ ಇದ್ದದ್ದು ಒಂಬತ್ತು ಸಾವಿರ.

ದುಡ್ಡು ಕೇಳಿ ಮೊದಲ ಸಲ ನಾನು ಬರೆದದ್ದು ಬರೀ ಗೋಳು. ಬೂದಿ ಮುದುಡಿ ಮಲಗಿದ್ದ ಫೋಟೋ, ಕೆಳಗೆ ಉದ್ದದ ಕಥೆ, ಕೊನೆಗೆ ದಯವಿಟ್ಟು ಸಹಾಯ ಮಾಡಿ. ಎರಡು ದಿನದಲ್ಲಿ ಬಂದದ್ದು 1,850 ರೂಪಾಯಿ, ಅದೂ ನನ್ನ ಅಕ್ಕ ಮತ್ತು ಚಿಕ್ಕಮ್ಮನ ಮಕ್ಕಳಿಂದ. ಉಳಿದವರೆಲ್ಲ ಕೈ ಮುಗಿಯುವ ಇಮೋಜಿ ಹಾಕಿ ಸುಮ್ಮನಾದರು. 26,000 ಅಂತ ನೋಡಿದವರಿಗೆ ತಮ್ಮ ನೂರು ರೂಪಾಯಿ ಎಲ್ಲಿ ಸಾಲುತ್ತೆ ಅನ್ನಿಸುತ್ತೆ, ಅಲ್ವಾ?

ಉಪಾಯ ಹೊಳೆದದ್ದು ದೇವಸ್ಥಾನದಲ್ಲಿ. ಅಲ್ಲಿ ವರ್ಷದ ಒಂದು ದಿನಕ್ಕೆ ಹೆಸರು ಬರೆಸಿ ಪೂಜೆ ಮಾಡಿಸುತ್ತಾರಲ್ಲ, ಅದೇ ಥರ. ಮನೆಗೆ ಬಂದು ಒಂದು ಹಾಳೆಯಲ್ಲಿ 84 ಚೌಕ ಹಾಕಿದೆ, ಪ್ರತಿ ಚೌಕಕ್ಕೂ ತಾರೀಖು ಬರೆದೆ, ಒಂದು ದಿನದ ಮಾತ್ರೆ 200 ರೂಪಾಯಿ, ನಿಮ್ಮ ದಿನ ಆರಿಸಿಕೊಳ್ಳಿ ಅಂತ ಬೀದಿಯ ವಾಟ್ಸ್‌ಆ್ಯಪ್ ಗ್ರೂಪಿಗೂ ಆಫೀಸಿನ ಗ್ರೂಪಿಗೂ ಹಾಕಿದೆ. ಮಗಳ ಹುಟ್ಟುಹಬ್ಬ, ಅಪ್ಪನ ತಿಥಿ, ಮದುವೆಯಾದ ದಿನ ಅಂತ ಜನ ಹುಡುಕಿ ಹುಡುಕಿ ತಗೊಂಡರು. ಹೂವಿನ ಅಜ್ಜಿ ಒಂದು ಶುಕ್ರವಾರ ಬರೆಸಿ, ನೂರು ಈಗ, ಇನ್ನೂರಕ್ಕೆ ಕಮ್ಮಿ ಬಿದ್ದದ್ದು ಸಂತೆ ದಿನ ಅಂದರು. ಐದನೇ ದಿನಕ್ಕೆ 61 ಚೌಕ ತುಂಬಿತ್ತು.

ದುಡ್ಡಿಗೆ ನಾನು ಉಪಯೋಗಿಸದೇ ಬಿಟ್ಟಿದ್ದ ಹಳೇ ಉಳಿತಾಯ ಖಾತೆಯ ಯುಪಿಐ ಕೊಟ್ಟೆ. ಮನೆ ಖರ್ಚಿನ ದುಡ್ಡಿನ ಜೊತೆ ಬೆರೆತರೆ ಕೇಳಿದವರಿಗೆ ಲೆಕ್ಕ ಕೊಡೋಕೆ ಆಗಲ್ಲ. ನನ್ನ ಮೇಲೆ ನಂಬಿಕೆ ಇಲ್ಲದ ಒಬ್ಬರು ಆಸ್ಪತ್ರೆಗೇ ನೇರ ಕಟ್ಟುತ್ತೇನೆ ಅಂದರು. ಒಂಚೂರು ಬೇಜಾರಾಯಿತು, ಆದರೂ ಆಸ್ಪತ್ರೆಯ ಕ್ಯುಆರ್ ಕಳಿಸಿದೆ. ಆಮೇಲಿಂದ ಎಲ್ಲರಿಗೂ ಎರಡೂ ಕಳಿಸತೊಡಗಿದೆ. ಬೂದಿ ಉಳಿಯದಿದ್ದರೆ ಮಿಕ್ಕ ದುಡ್ಡು ಬೀದಿಯ ಉಳಿದ ಹೆಣ್ಣು ಬೆಕ್ಕುಗಳಿಗೆ ಮರಿ ಆಗದ ಹಾಗೆ ಮಾಡಿಸುವ ಆಪರೇಷನ್‌ಗೆ ಅಂತ ಮೊದಲೇ ಬರೆದೆ. ಬರೆಯುವಾಗ ಕೈ ನಡುಗಿತು. ಬೀದಿ ಬೆಕ್ಕಿಗೆ ಇಷ್ಟು ಖರ್ಚಾ, ಬಡ ಮಕ್ಕಳಿಲ್ವಾ ಅಂದವರ ಹತ್ತಿರ ವಾದಕ್ಕೆ ಹೋಗಲಿಲ್ಲ.

ಎಡವಿದ್ದು ಬೇರೆ ಕಡೆ. ಎರಡನೇ ವಾರಕ್ಕೆ ಹೊಟ್ಟೆಯ ನೀರು ಇಳಿದು, ಬೂದಿ ಸಿಕ್ಕಿದ್ದೆಲ್ಲ ತಿನ್ನೋಕೆ ಶುರು ಮಾಡಿದಳು. ವಾರಕ್ಕೊಮ್ಮೆ ತಕ್ಕಡಿ ಮೇಲೆ ಕೂರಿಸಿದರೆ 2.2, 2.5, 2.8. ನಮಗೆಲ್ಲ ಖುಷಿ. ಡಾಕ್ಟರು ಡೋಸ್ ಏರಿಸಿದರು, ದಿನಕ್ಕೆ 200 ಇದ್ದದ್ದು 300 ದಾಟಿತು. ನಾನೋ 80ನೇ ದಿನವನ್ನೂ 200ಕ್ಕೇ ಕೊಟ್ಟಾಗಿತ್ತು! ಬೆಕ್ಕು ಹುಷಾರಾದರೆ ತೂಕ ಏರುತ್ತೆ, ತೂಕ ಏರಿದರೆ ಖರ್ಚೂ ಏರುತ್ತೆ ಅನ್ನೋದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಕೊನೆಗೆ ಖರ್ಚು 32,400ಕ್ಕೆ ಹೋಯಿತು. ನೀವು ಮಾಡುವಾಗ ಕೊನೇ ತಿಂಗಳಿಗೆ ಮೊದಲೇ ಜಾಸ್ತಿ ಇಡಿ.

ಮತ್ತೆ ಕೇಳೋಕೆ ನಾಚಿಕೆ. ಮೂರು ದಿನ ಮುಂದೂಡಿ, ಕೊನೆಗೆ ತಕ್ಕಡಿಯ ಫೋಟೋ, ಬಿಲ್ಲು, ಇಲ್ಲಿವರೆಗಿನ ಲೆಕ್ಕ ಹಾಕಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಪ್ರತಿ ಭಾನುವಾರ ಲೆಕ್ಕ ಹಾಕುತ್ತಾ ಬಂದಿದ್ದಕ್ಕೋ ಏನೋ, ಯಾರೂ ಪ್ರಶ್ನೆ ಮಾಡಲಿಲ್ಲ. ಕೊನೇ ದಿನಗಳನ್ನು ತಗೊಂಡವರು ತಾವಾಗಿಯೇ ಇನ್ನೊಂದು ನೂರು ಕಳಿಸಿದರು. ಕಮ್ಮಿ ಬಿದ್ದ ಎರಡು ಸಾವಿರ ನಾನು ಹಾಕಿದೆ. ಹೂವಿನ ಅಜ್ಜಿಗೆ ಹೇಳಿದಾಗ, "ದಪ್ಪ ಆಗಿದ್ದಕ್ಕೂ ದುಡ್ಡು ಕೊಡಬೇಕೇನಪ್ಪಾ?" ಅಂತ ನಕ್ಕು, ಸೆರಗಿನ ಗಂಟು ಬಿಚ್ಚಿದರು.

84ನೇ ದಿನ ಅವಳ ತೂಕ 3.1 ಕೆಜಿ. ಆಮೇಲೆ ಇನ್ನೂ 84 ದಿನ ಕಾದು ನೋಡಿದೆವು, ಕಾಯಿಲೆ ಮರುಕಳಿಸಲಿಲ್ಲ. ಆಪರೇಷನ್ನೂ ಆಯಿತು. ಈಗಲೂ ನಾನು ತಲೆನೋವಿನ ಮಾತ್ರೆ ಸ್ಟ್ರಿಪ್ ಚಟ್ ಅನ್ನಿಸಿದರೆ ಸಾಕು, ಬೂದಿ ಸ್ಕೂಟರ್ ಸೀಟಿನಿಂದ ಹಾರಿ ಕಾಂಪೌಂಡ್ ಆಚೆ.