ಜಲ್ಲಿ ದಾರಿ ಸಮ ಮಾಡಲು ಟ್ರ್ಯಾಕ್ಟರ್ ಚೌಕಟ್ಟು

ಮಳೆಗಾಲ ಕಳೆದ ಮೇಲೆ ತೋಟದ ಜಲ್ಲಿ ದಾರಿ ಗುಂಡಿ ಬಿದ್ದಿದ್ದರೆ, ಜೆಸಿಬಿ ಕರೆಸುವ ಮುನ್ನ ವೆಲ್ಡಿಂಗ್ ಅಂಗಡಿಯಲ್ಲಿ ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯುವ ಈ ಚೌಕಟ್ಟನ್ನು ಮಾಡಿಸಿ ನೋಡಿ. ಆರಡಿ ಉದ್ದದ ಎರಡು ಸಿ ಚಾನೆಲ್‌ಗಳು (ಇಂಗ್ಲಿಷಿನ C ಆಕಾರದ ಉಕ್ಕಿನ ತೊಲೆ) ಎರಡೂ ಬದಿಗೆ. ನಡುವೆ ಒಂದರ ಹಿಂದೊಂದು ಓರೆಯಾಗಿ ಎರಡು ಅಲಗು, ಚಾನೆಲ್‌ಗಿಂತ ಅರ್ಧ ಇಂಚು ಕೆಳಗೆ. ಗುಜರಿಯಲ್ಲಿ ಸಿಗುವ, ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರದ ಹಳೆಯ ಅಲಗು ಧಾರಾಳವಾಗಿ ಸಾಕು. ಬೋಲ್ಟ್ ಹಾಕಿಸಿ, ಸವೆದಾಗ ಬದಲಿಸಬಹುದು. ಅಗಲ ಹಿಂದಿನ ಚಕ್ರಗಳ ಹೊರ ಅಂಚು ಮೀರಿರಲಿ.

ಗುಟ್ಟೆಲ್ಲ ಚಾನೆಲ್‌ನ ಉದ್ದದಲ್ಲಿದೆ. ಟ್ರ್ಯಾಕ್ಟರ್ ಹಿಂದಿನ ಹೈಡ್ರಾಲಿಕ್ ಎತ್ತುಗ ಪೂರ್ತಿ ಇಳಿಬಿಟ್ಟರೆ, ಚಕ್ರ ಗುಂಡಿಗಿಳಿದರೂ ಅಲಗು ಇಳಿಯದೆ ಉಬ್ಬನ್ನು ಕೆರೆದು ತಗ್ಗಿಗೆ ತುಂಬುತ್ತದೆ. ಟಾಪ್ ಲಿಂಕ್ (ಟ್ರ್ಯಾಕ್ಟರಿಗೂ ಚೌಕಟ್ಟಿಗೂ ನಡುವಿನ ಮೇಲಿನ ಸರಳು) ಗಿಡ್ಡ ಮಾಡಿದಷ್ಟೂ ಮುಂದಿನ ಅಲಗು ಆಳಕ್ಕಿಳಿಯುತ್ತದೆ. ನೆಲ ಹಸಿಯಿರುವಾಗಲೇ ಎಳೆಯಿರಿ; ಒಣಗಿದರೆ ಬರೀ ಧೂಳು. ಭಾರಕ್ಕೆಂದು ಆಳನ್ನು ಮೇಲೆ ಕೂರಿಸುವ ಕೆಟ್ಟ ಅಭ್ಯಾಸ ಬೇಡವೇ ಬೇಡ, ಮರಳಿನ ಚೀಲ ಕಟ್ಟಿ.